ಯಾವ ಸುಧಾಕರ್, ಯಾವ ಮಂಜುನಾಥ್? ಒಂದೇ ಹೆಸರಿನ ನಾಯಕರು, ಮೂರು ಜಿಲ್ಲೆಗಳ ಗೊಂದಲ

ಕೋಲಾರ ಜಿಲ್ಲೆಯ ಮಾಲೂರು ವಿಧಾನಸಭಾ ಕ್ಷೇತ್ರದ 2023ರ ಫಲಿತಾಂಶವನ್ನು ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಅಸಿಂಧುಗೊಳಿಸಿ ಮರು ಎಣಿಕೆಗೆ ಆದೇಶಿಸಿತು. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಏರಿತು. ಕಾಂಗ್ರೆಸ್‌ನ ಕೆ.ವೈ. ನಂಜೇಗೌಡರು ಬಿಜೆಪಿಯ ಕೆ.ಎಸ್. ಮಂಜುನಾಥ್ ಗೌಡರ ಎದುರು ಗೆದ್ದ ಅಂತರ 248 ಮತ. ಈ ಸುದ್ದಿ ಓದುವವರಿಗೆ ಕಾನೂನಿನ ಕಗ್ಗಂಟಿಗಿಂತ ಮೊದಲೇ ಎದುರಾಗುವ ಪ್ರಶ್ನೆ ಒಂದಿದೆ: ಇವರು ಯಾವ ಮಂಜುನಾಥ್? ಕೋಲಾರದ ಶಾಸಕರು ಕಾಂಗ್ರೆಸ್‌ನ ಕೊತ್ತೂರು ಮಂಜುನಾಥ್. ಮುಳಬಾಗಿಲಿನ ಶಾಸಕರು ಜೆಡಿಎಸ್‌ನ ಸಮೃದ್ಧಿ ವಿ. ಮಂಜುನಾಥ್. ಮಾಲೂರಿನ ಫಲಿತಾಂಶ ಪ್ರಶ್ನಿಸಿದವರು ಬಿಜೆಪಿಯ ಮಂಜುನಾಥ್ ಗೌಡ. ಒಂದೇ ಜಿಲ್ಲೆ, ಮೂರು ಪಕ್ಷ, ಮೂವರು ಮಂಜುನಾಥ್.

ಪಕ್ಕದ ಚಿಕ್ಕಬಳ್ಳಾಪುರದಲ್ಲಿ ಇಬ್ಬರು ಡಾ. ಸುಧಾಕರ್ ಇದ್ದಾರೆ. ಒಬ್ಬರು ಸಂಸದರು, ಇನ್ನೊಬ್ಬರು 2023ರಲ್ಲಿ ಸಚಿವರಾದ ಶಾಸಕರು. ತುಮಕೂರಿನ ಕಡೆ ಬಂದರೆ ಕೃಷ್ಣಪ್ಪ, ನಾರಾಯಣಸ್ವಾಮಿ, ಸಿದ್ಧಲಿಂಗ ಸ್ವಾಮೀಜಿ. ಹೆಸರು ಕೇಳಿದ ಕೂಡಲೇ 'ಯಾವ ಊರಿನವರು?' ಎಂದು ಕೇಳುವುದು ಈ ಸೀಮೆಯ ಜನರಿಗೆ ಅಭ್ಯಾಸವಾಗಿ ಹೋಗಿದೆ. ಸುದ್ದಿ ಬರೆಯುವವರು ಮಾತ್ರ ಆ ಪ್ರಶ್ನೆಗೆ ಉತ್ತರವನ್ನು ಅನೇಕ ಸಲ ಬಿಟ್ಟೇ ಬರೆಯುತ್ತಾರೆ. ಆಗ ಒಬ್ಬರ ಮೇಲಿನ ಆರೋಪ ಇನ್ನೊಬ್ಬರ ತಲೆಗೆ ಸುತ್ತಿಕೊಳ್ಳುತ್ತದೆ. (ಇಲ್ಲಿ ಹೇಳುವ ಸ್ಥಾನಗಳು 2023ರ ವಿಧಾನಸಭೆ, 2024ರ ಲೋಕಸಭೆ ಚುನಾವಣೆಗಳ ಫಲಿತಾಂಶವನ್ನು ಆಧರಿಸಿವೆ.)

ಇಬ್ಬರು ಡಾಕ್ಟರು, ಒಂದೇ ಜಿಲ್ಲೆ

ಡಾ. ಕೆ. ಸುಧಾಕರ್ ಎಂಬಿಬಿಎಸ್ ಓದಿದವರು. 2013 ಮತ್ತು 2018ರಲ್ಲಿ ಚಿಕ್ಕಬಳ್ಳಾಪುರದಿಂದ ಕಾಂಗ್ರೆಸ್ ಶಾಸಕರು. 2019ರಲ್ಲಿ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿ, ಅದೇ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಗೆದ್ದರು. 2020ರಿಂದ ವೈದ್ಯಕೀಯ ಶಿಕ್ಷಣ, ಬಳಿಕ ಆರೋಗ್ಯ ಖಾತೆಯನ್ನೂ ನೋಡಿಕೊಂಡರು. 2023ರಲ್ಲಿ ಪ್ರದೀಪ್ ಈಶ್ವರ್ ಎದುರು ಸೋತು, 2024ರಲ್ಲಿ ಚಿಕ್ಕಬಳ್ಳಾಪುರದ ಸಂಸದರಾದರು.

ಡಾ. ಎಂ.ಸಿ. ಸುಧಾಕರ್ ದಂತವೈದ್ಯರು. 2004 ಮತ್ತು 2008ರಲ್ಲಿ ಚಿಂತಾಮಣಿಯ ಕಾಂಗ್ರೆಸ್ ಶಾಸಕರಾಗಿದ್ದವರು, ಎರಡು ಚುನಾವಣೆಗಳ ಸೋಲಿನ ನಂತರ 2023ರಲ್ಲಿ ಮತ್ತೆ ಗೆದ್ದು ಉನ್ನತ ಶಿಕ್ಷಣ ಸಚಿವರೂ ಚಿಕ್ಕಬಳ್ಳಾಪುರ ಜಿಲ್ಲಾ ಉಸ್ತುವಾರಿಯೂ ಆದರು. ಬಿಜೆಪಿ ಸರ್ಕಾರದ ಅವಧಿಯಲ್ಲಿ ಕೆಲಕಾಲ ಇದೇ ಜಿಲ್ಲೆಯ ಉಸ್ತುವಾರಿ ಕೆ. ಸುಧಾಕರ್ ಅವರದಾಗಿತ್ತು.

ಈ ವಿವರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಗೊಂದಲ ಎಷ್ಟು ಆಳ ಎಂಬುದು ತಿಳಿಯುತ್ತದೆ. 'ಡಾ.' ಎಂಬುದು ಇಬ್ಬರಿಗೂ ಇದೆ. 'ಉಸ್ತುವಾರಿ ಸಚಿವ ಡಾ. ಸುಧಾಕರ್' ಎಂಬ ವಾಕ್ಯ 2020ರ ಸುದ್ದಿಯಲ್ಲಿದ್ದರೆ ಒಬ್ಬರು, 2023ರ ಕೊನೆಯ ಸುದ್ದಿಯಲ್ಲಿದ್ದರೆ ಇನ್ನೊಬ್ಬರು. 'ಕಾಂಗ್ರೆಸ್ ಶಾಸಕ ಡಾ. ಸುಧಾಕರ್' ಎಂದರೂ ಅಷ್ಟೇ. 2018ರ ಸುದ್ದಿಯಾದರೆ ಅದು ಕೆ. ಸುಧಾಕರ್, ಈಗಿನದಾದರೆ ಎಂ.ಸಿ. ಸುಧಾಕರ್. ಪಕ್ಷದ ಹೆಸರು ಇದ್ದರೂ ಇಸವಿ ಇಲ್ಲದೆ ಗುರುತು ಸಿಗದು.

ಇದರ ಮೇಲೆ ಭೂಗೋಳದ ತೊಡಕು. ಚಿಂತಾಮಣಿ ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕು. ಆದರೆ ಲೋಕಸಭೆಗೆ ಅದು ಸೇರುವುದು ಕೋಲಾರ ಕ್ಷೇತ್ರಕ್ಕೆ, ಶಿಡ್ಲಘಟ್ಟವೂ ಹಾಗೆಯೇ. ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿ ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರದ ಜೊತೆಗೆ ಯಲಹಂಕ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಬರುತ್ತವೆ. ಅಂದರೆ ಸಂಸದ ಸುಧಾಕರ್ ಅವರ ಕ್ಷೇತ್ರದಲ್ಲಿ ಚಿಂತಾಮಣಿ ಇಲ್ಲ, ಚಿಂತಾಮಣಿ ಶಾಸಕ ಸುಧಾಕರ್ ಅವರಿಗೆ 2023ರಲ್ಲಿ ಸಿಕ್ಕ ಉಸ್ತುವಾರಿಯಲ್ಲಿ ಮಾತ್ರ ಚಿಕ್ಕಬಳ್ಳಾಪುರವೂ ಇತ್ತು. ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ 'ಡಾ. ಸುಧಾಕರ್ ಅಧ್ಯಕ್ಷತೆಯಲ್ಲಿ ಪ್ರಗತಿ ಪರಿಶೀಲನೆ' ಎಂದರೆ ಅದು ಕೆಡಿಪಿ ಸಭೆಯೋ ದಿಶಾ ಸಭೆಯೋ ನೋಡಬೇಕು. ಜಿಲ್ಲೆಯ ಕಾರ್ಯಕ್ರಮಗಳ ಪ್ರಗತಿ ನೋಡುವ ಕೆಡಿಪಿ ಸಭೆ ನಡೆಸುವುದು ಉಸ್ತುವಾರಿ ಸಚಿವರು. ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ದಿಶಾ ಸಮಿತಿಗೆ ಸಂಸದರು ಅಧ್ಯಕ್ಷರು.

ಹಾನಿಯಾಗುವುದು ಆರೋಪಗಳ ಸುದ್ದಿಯಲ್ಲಿ. ಕೋವಿಡ್ ಕಾಲದ ಖರೀದಿಗಳ ವಿಚಾರಣೆಗೆ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಆಯೋಗ 2023ರಲ್ಲಿ ರಚನೆಯಾಯಿತು. ಆ ಖರೀದಿಗಳ ಕಾಲದಲ್ಲಿ ಸಚಿವರಾಗಿದ್ದವರು ಕೆ. ಸುಧಾಕರ್. ಆಯೋಗದ ಸುದ್ದಿ ಬಂದ ಹೊತ್ತಿಗೆ ಸಂಪುಟದಲ್ಲಿದ್ದವರು ಎಂ.ಸಿ. ಸುಧಾಕರ್. ಅದೇ ಸಂಪುಟಕ್ಕೆ 2023ರ ಮೇ ತಿಂಗಳಲ್ಲಿ ಹಿರಿಯೂರಿನ ಡಿ. ಸುಧಾಕರ್ ಕೂಡ ಯೋಜನೆ ಮತ್ತು ಸಾಂಖ್ಯಿಕ ಸಚಿವರಾಗಿ ಸೇರಿದ್ದರು. ಹಿರಿಯೂರು ನಮ್ಮ ಶಿರಾ ತಾಲ್ಲೂಕಿನ ನೆರೆಯದು. ಹೀಗಿರುವಾಗ 'ಸಚಿವ ಸುಧಾಕರ್' ಎಂದಷ್ಟೇ ಬರೆಯುವುದು ಅವಸರದ ಬರವಣಿಗೆ ಅಲ್ಲ, ತಪ್ಪು ಮಾಹಿತಿ.

'ಮುಳಬಾಗಿಲು ಶಾಸಕ ಮಂಜುನಾಥ್' ಎಂದರೆ?

ಕ್ಷೇತ್ರದ ಹೆಸರು ಸೇರಿಸಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರಿದ್ದಾರೆ. ಮುಳಬಾಗಿಲು ಆ ನಂಬಿಕೆಗೆ ಪೆಟ್ಟು ಕೊಡುತ್ತದೆ.

ಕೊತ್ತೂರು ಮಂಜುನಾಥ್ 2013ರಲ್ಲಿ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರವಾದ ಮುಳಬಾಗಿಲಿನಿಂದಲೇ ಪಕ್ಷೇತರರಾಗಿ ಗೆದ್ದಿದ್ದರು. 2018ರಲ್ಲಿ ಜಾತಿ ಪ್ರಮಾಣಪತ್ರದ ವಿವಾದದಲ್ಲಿ ಹೈಕೋರ್ಟ್ ತೀರ್ಪು ಅವರ ವಿರುದ್ಧ ಬಂದು ನಾಮಪತ್ರ ತಿರಸ್ಕೃತವಾಯಿತು. ಆ ಸಲ ಗೆದ್ದವರು ಪಕ್ಷೇತರ ಎಚ್. ನಾಗೇಶ್. 2023ರಲ್ಲಿ ಕೊತ್ತೂರು ಮಂಜುನಾಥ್ ಸಾಮಾನ್ಯ ಕ್ಷೇತ್ರವಾದ ಕೋಲಾರಕ್ಕೆ ಬಂದು ಗೆದ್ದರು. ಅದೇ ಚುನಾವಣೆಯಲ್ಲಿ ಮುಳಬಾಗಿಲಿನಲ್ಲಿ ಗೆದ್ದವರ ಹೆಸರೂ ಮಂಜುನಾಥ್, ಸಮೃದ್ಧಿ ಮಂಜುನಾಥ್. ಈಗ ಜಾತಿ ಪ್ರಮಾಣಪತ್ರದ ಹಳೆಯ ಸುದ್ದಿಯೊಂದು ವಾಟ್ಸ್‌ಆ್ಯಪ್‌ನಲ್ಲಿ ತಾರೀಖಿಲ್ಲದೆ ತೇಲಿಬಂದರೆ, 'ಮುಳಬಾಗಿಲು', 'ಮೀಸಲು ಕ್ಷೇತ್ರ', 'ಶಾಸಕ ಮಂಜುನಾಥ್' ಎಂಬ ಮೂರೂ ಗುರುತುಗಳು ಆ ಪ್ರಕರಣದ ಜೊತೆ ಯಾವ ಸಂಬಂಧವೂ ಇಲ್ಲದ ಈಗಿನ ಶಾಸಕರಿಗೆ ಸರಿಯಾಗಿ ಹೊಂದಿಕೊಳ್ಳುತ್ತವೆ. ಓದುಗ ದಡ್ಡನಲ್ಲ. ಅವನ ಕೈಗೆ ಕೊಟ್ಟಿರುವ ಗುರುತುಗಳೇ ಇಬ್ಬರಿಗೂ ಸಮನಾಗಿ ಅನ್ವಯಿಸುತ್ತವೆ. ಇಲ್ಲಿ ಬಿಡಿಸುವ ಕೀಲಿ ಹೆಸರಿನ ಹಿಂದಿರುವ 'ಕೊತ್ತೂರು' ಮತ್ತು 'ಸಮೃದ್ಧಿ' ಮಾತ್ರ, ಜೊತೆಗೆ ಇಸವಿ.

ಮಾಲೂರಿನ ಮಂಜುನಾಥ್ ಗೌಡರದೂ ಇದೇ ಕಥೆ. 2013ರಲ್ಲಿ ಅವರು ಜೆಡಿಎಸ್ ಶಾಸಕರಾಗಿದ್ದವರು. ಆದ್ದರಿಂದ 'ಕೋಲಾರ ಜಿಲ್ಲೆಯ ಜೆಡಿಎಸ್ ಶಾಸಕ ಮಂಜುನಾಥ್' ಎಂಬುದು ಹತ್ತು ವರ್ಷಗಳ ಅಂತರದಲ್ಲಿ ಇಬ್ಬರು ಬೇರೆ ಬೇರೆ ವ್ಯಕ್ತಿಗಳನ್ನು ತೋರಿಸುತ್ತದೆ.

ಹೆಸರುಗಳು ಯಾಕೆ ಮರುಕಳಿಸುತ್ತವೆ

ನಮ್ಮಲ್ಲಿ ಮಗುವಿಗೆ ಹೆಸರಿಡುವಾಗ ಮೊದಲು ನೆನಪಾಗುವುದು ಮನೆದೇವರು, ಆಮೇಲೆ ತಾತ. ಮುನೇಶ್ವರನ ಒಕ್ಕಲಿನಲ್ಲಿ ಮುನಿಯಪ್ಪ, ಮುನಿಸ್ವಾಮಿ, ಮುನಿವೆಂಕಟಪ್ಪ. ತಿರುಪತಿ ತಿಮ್ಮಪ್ಪನ ಒಕ್ಕಲಾದರೆ ವೆಂಕಟೇಶ, ವೆಂಕಟರಮಣ, ಶ್ರೀನಿವಾಸ. ದೇವರಾಯನದುರ್ಗ, ಸೀಬಿಯ ಕಡೆ ನರಸಿಂಹಯ್ಯ, ನರಸಿಂಹಮೂರ್ತಿ. ಎಡೆಯೂರು, ಸಿದ್ಧಗಂಗೆಯ ಸುತ್ತ ಸಿದ್ಧಲಿಂಗಪ್ಪ, ಗಂಗಾಧರಯ್ಯ. ತಾತನ ಹೆಸರು ಮೊಮ್ಮಗನಿಗೆ ಬರುವುದರಿಂದ ಅದೇ ಹತ್ತಾರು ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಸುತ್ತುತ್ತಲೇ ಇರುತ್ತವೆ.

ಇದರ ಫಲ ರಾಜಕಾರಣದಲ್ಲೂ ಕಾಣುತ್ತದೆ. ಕೋಲಾರದಿಂದ 1991ರಿಂದ 2014ರವರೆಗೆ ಸತತ ಏಳು ಸಲ ಲೋಕಸಭೆಗೆ ಗೆದ್ದವರು ಕೆ.ಎಚ್. ಮುನಿಯಪ್ಪ. 2019ರಲ್ಲಿ ಅವರನ್ನು ಸೋಲಿಸಿದವರು ಎಸ್. ಮುನಿಸ್ವಾಮಿ. ಅದೇ ಲೋಕಸಭಾ ಕ್ಷೇತ್ರದ ಶಿಡ್ಲಘಟ್ಟದಲ್ಲಿ ಅದೇ ಕಾಂಗ್ರೆಸ್ಸಿನ ಶಾಸಕರಾಗಿದ್ದವರು ವಿ. ಮುನಿಯಪ್ಪ. ನಾರಾಯಣಸ್ವಾಮಿಗಳಂತೂ ಇನ್ನೂ ಹೆಚ್ಚು: ಬಂಗಾರಪೇಟೆಯ ಕಾಂಗ್ರೆಸ್ ಶಾಸಕ ಎಸ್.ಎನ್. ನಾರಾಯಣಸ್ವಾಮಿ, 2024ರಲ್ಲಿ ವಿಧಾನ ಪರಿಷತ್ತಿನ ವಿರೋಧ ಪಕ್ಷದ ನಾಯಕರಾದ ಛಲವಾದಿ ನಾರಾಯಣಸ್ವಾಮಿ, ಪರಿಷತ್ತಿನ ಮಾಜಿ ಸದಸ್ಯ ವೈ.ಎ. ನಾರಾಯಣಸ್ವಾಮಿ, ಕೇಂದ್ರ ಸಚಿವರಾಗಿದ್ದ ಎ. ನಾರಾಯಣಸ್ವಾಮಿ. ಕೊನೆಯವರು ಚಿತ್ರದುರ್ಗದ ಸಂಸದರಾಗಿದ್ದವರು. ತುಮಕೂರು ಜಿಲ್ಲೆಯ ಶಿರಾ, ಪಾವಗಡ ಆ ಲೋಕಸಭಾ ಕ್ಷೇತ್ರಕ್ಕೇ ಸೇರುವುದರಿಂದ ಅಲ್ಲಿನ ಜನರಿಗೆ 2019ರಿಂದ 2024ರವರೆಗೆ 'ನಮ್ಮ ಎಂಪಿ' ಅವರೇ.

ಮಠಗಳಲ್ಲಿ ಕಾರಣ ಬೇರೆ. ಅಲ್ಲಿ ಪಟ್ಟಕ್ಕೆ ಬರುವವರ ಹೆಸರು ಪರಂಪರೆಯಿಂದ ಬರುತ್ತದೆ, ಹಾಗಾಗಿ ಹೆಸರು ಮರುಕಳಿಸುವುದು ಆಕಸ್ಮಿಕವಲ್ಲ. ಎಡೆಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗ ಯತಿಗಳ ಹೆಸರೇ ಗದುಗಿನ ತೋಂಟದಾರ್ಯ ಮಠದಲ್ಲಿ 2018ರಲ್ಲಿ ಲಿಂಗೈಕ್ಯರಾದ ಡಾ. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರದು. ಸಿದ್ಧಗಂಗಾ ಮಠದ ಈಗಿನ ಅಧ್ಯಕ್ಷರೂ ಸಿದ್ಧಲಿಂಗ ಸ್ವಾಮೀಜಿ. ಅವರ ಗುರುಗಳು, ನಡೆದಾಡುವ ದೇವರೆಂದು ನಾಡು ಕರೆದ ಶಿವಕುಮಾರ ಸ್ವಾಮೀಜಿ (1907–2019). ಸಿರಿಗೆರೆಯ ತರಳಬಾಳು ಮಠದಲ್ಲಿ 1992ರಲ್ಲಿ ಲಿಂಗೈಕ್ಯರಾದವರು ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ. ಇಬ್ಬರೂ ಶಾಲೆ, ಹಾಸ್ಟೆಲ್‌ಗಳನ್ನು ಕಟ್ಟಿದವರು. ಹಳೆಯ ಸ್ಮರಣ ಸಂಚಿಕೆಯ ಲೇಖನದಲ್ಲಿ ಊರ ಹೆಸರಿಲ್ಲದಿದ್ದರೆ ಯಾರ ಕೆಲಸ ಯಾರದೆಂದು ಬೇರ್ಪಡಿಸುವುದು ಕಷ್ಟ.

ಇನಿಷಿಯಲ್ ಎಷ್ಟು ದೂರ ಕೈಹಿಡಿಯುತ್ತದೆ

ಉತ್ತರ ಕರ್ನಾಟಕದಂತೆ ಇಲ್ಲಿ ಮನೆತನದ ಅಡ್ಡಹೆಸರಿನ ರೂಢಿ ಕಡಿಮೆ. ಸಾಮಾನ್ಯವಾಗಿ ಮೊದಲ ಅಕ್ಷರ ಊರಿನದು ಅಥವಾ ಮನೆತನದ್ದು, ಎರಡನೆಯದು ತಂದೆಯದು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಡಿ.ವಿ. ಗುಂಡಪ್ಪ ಆದದ್ದು ಹೀಗೆ. ಡಿವಿಜಿ ಹುಟ್ಟಿದ್ದು 1887ರಲ್ಲಿ ಮುಳಬಾಗಿಲಿನಲ್ಲಿ, ಇನಿಷಿಯಲ್ ಹೇಳುವುದು ದೇವನಹಳ್ಳಿಯನ್ನು. ಮುದ್ದೇನಹಳ್ಳಿಯ ಸರ್ ಎಂ.ವಿ. ಅವರ 'ಎಂ' ಮೋಕ್ಷಗುಂಡಂ. ಅದು ಪೂರ್ವಜರ ಊರು, ಈಗ ಆಂಧ್ರದಲ್ಲಿದೆ. ಇನಿಷಿಯಲ್ ವ್ಯಕ್ತಿಯ ಈಗಿನ ಊರನ್ನು ಹೇಳುತ್ತದೆ ಎಂದು ನಂಬುವಂತಿಲ್ಲ.

ಇನ್ನೊಂದು ತೊಡಕನ್ನು ಗಮನಿಸುವವರು ಕಡಿಮೆ. ನಾವು ಇನಿಷಿಯಲ್ ಬರೆಯುವುದು ಕನ್ನಡ ಲಿಪಿಯಲ್ಲಾದರೂ ಅಕ್ಷರ ಮಾತ್ರ ಇಂಗ್ಲಿಷಿನದು. ಹಾಗಾಗಿ ಕೋಲಾರ, ಕುಣಿಗಲ್, ಕೊರಟಗೆರೆ ಎಲ್ಲವೂ 'ಕೆ'. ಗುಬ್ಬಿ, ಗೌರಿಬಿದನೂರು, ಗುಡಿಬಂಡೆ 'ಜಿ'. ಮಾಲೂರು, ಮುಳಬಾಗಿಲು, ಮಧುಗಿರಿ 'ಎಂ'. ತುಮಕೂರು, ತಿಪಟೂರು, ತುರುವೇಕೆರೆ 'ಟಿ'. ಚಿಂತಾಮಣಿ, ಚಿಕ್ಕಬಳ್ಳಾಪುರ, ಚಿಕ್ಕನಾಯಕನಹಳ್ಳಿ 'ಸಿ'. ಮೂರು ಜಿಲ್ಲೆಗಳ ತಾಲ್ಲೂಕು ಕೇಂದ್ರಗಳೇ ಬೆರಳೆಣಿಕೆಯ ಅಕ್ಷರಗಳಲ್ಲಿ ಮುಗಿದುಹೋದರೆ, ಒಂಟಿ ಇನಿಷಿಯಲ್ ಇಬ್ಬರನ್ನು ಬೇರ್ಪಡಿಸದಿರುವುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಸಾಕ್ಷಿ 2023ರ ವಿಧಾನಸಭೆಯಲ್ಲೇ ಇದೆ. ಬೆಂಗಳೂರಿನ ವಿಜಯನಗರದ ಕಾಂಗ್ರೆಸ್ ಶಾಸಕರು ಎಂ. ಕೃಷ್ಣಪ್ಪ. ಬೆಂಗಳೂರು ದಕ್ಷಿಣದ ಬಿಜೆಪಿ ಶಾಸಕರೂ ಎಂ. ಕೃಷ್ಣಪ್ಪ. ತುರುವೇಕೆರೆಯ ಜೆಡಿಎಸ್ ಶಾಸಕರು ಎಂ.ಟಿ. ಕೃಷ್ಣಪ್ಪ. ಒಂದು 'ಟಿ' ಬಿಟ್ಟುಹೋದರೆ ತುರುವೇಕೆರೆಯ ಮಾತು ಬೆಂಗಳೂರಿನವರ ಬಾಯಿಗೆ ಬರುತ್ತದೆ. ಮೊದಲಿಬ್ಬರ ವಿಷಯದಲ್ಲಿ ಇನಿಷಿಯಲ್ ಪೂರ್ತಿ ಇದ್ದರೂ ಪ್ರಯೋಜನವಿಲ್ಲ, ಕ್ಷೇತ್ರವನ್ನೇ ಹೇಳಬೇಕು. ಆ ಕ್ಷೇತ್ರದ ಹೆಸರಿಗೂ ಜೋಡಿ ಇದೆ: ಹೊಸಪೇಟೆಯನ್ನು ಒಳಗೊಂಡ ಕ್ಷೇತ್ರವೂ ವಿಜಯನಗರವೇ.

ಮತಯಂತ್ರದ ಮುಂದೆ ಏನಾಗುತ್ತದೆ

ಸುದ್ದಿಯಲ್ಲಿ ಗೊಂದಲ ತಾನಾಗಿ ಹುಟ್ಟುತ್ತದೆ. ಚುನಾವಣೆಯಲ್ಲಿ ಅದನ್ನು ಬೇಕೆಂದೇ ಹುಟ್ಟಿಸಲೂ ಸಾಧ್ಯ. ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಪಕ್ಷೇತರರಿಗೆ ಹತ್ತು ಸೂಚಕರ ಸಹಿ ಬೇಕು. ಎದುರಾಳಿಯ ಹೆಸರಿನವರೊಬ್ಬರನ್ನು ಹುಡುಕಿ ನಿಲ್ಲಿಸಲು ಇಷ್ಟು ಸಾಕು.

ಇದರ ಪರಿಣಾಮ ಅಂತರ ಕಡಿಮೆ ಇದ್ದಲ್ಲಿ ಗೊತ್ತಾಗುತ್ತದೆ. 2004ರಲ್ಲಿ ಕೇರಳದ ಆಲಪ್ಪುಳದಲ್ಲಿ ಕಾಂಗ್ರೆಸ್‌ನ ವಿ.ಎಂ. ಸುಧೀರನ್ 1,009 ಮತಗಳಿಂದ ಸೋತರು. ವಿ.ಎಸ್. ಸುಧೀರನ್ ಎಂಬ ಪಕ್ಷೇತರರು ಎಂಟು ಸಾವಿರಕ್ಕೂ ಹೆಚ್ಚು ಮತ ಪಡೆದಿದ್ದರು. 2016ರಲ್ಲಿ ಮಂಜೇಶ್ವರದಲ್ಲಿ ಬಿಜೆಪಿಯ ಕೆ. ಸುರೇಂದ್ರನ್ 89 ಮತಗಳಿಂದ ಸೋತಾಗ ಕೆ. ಸುಂದರ ಎಂಬವರಿಗೆ 467 ಮತ ಬಿದ್ದಿದ್ದವು. ಛತ್ತೀಸಗಡದ ಮಹಾಸಮುಂದ್‌ನಲ್ಲಿ 2014ರಲ್ಲಿ ಬಿಜೆಪಿಯ ಚಂದೂಲಾಲ್ ಸಾಹು ಎದುರು ಅದೇ ಬಗೆಯ ಹೆಸರಿನ ಹತ್ತು ಮಂದಿ ನಿಂತಿದ್ದರು. ಅವರು ಗೆದ್ದದ್ದು 1,217 ಮತಗಳಿಂದ.

ನಮ್ಮ ಜಿಲ್ಲೆಗಳಿಗೆ ಈ ಅಪಾಯ ತುಸು ಹೆಚ್ಚೇ ಇದೆ. ಮತಯಂತ್ರದ ಮೇಲಿನ ಹೆಸರುಗಳ ಪಟ್ಟಿಯಲ್ಲಿ ಮೊದಲು ಮಾನ್ಯತೆ ಪಡೆದ ಪಕ್ಷಗಳ ಅಭ್ಯರ್ಥಿಗಳು, ನಂತರ ನೋಂದಾಯಿತ ಪಕ್ಷಗಳವರು, ಕೊನೆಗೆ ಪಕ್ಷೇತರರು ಬರುತ್ತಾರೆ. ಪ್ರತಿ ಗುಂಪಿನಲ್ಲೂ ಕನ್ನಡ ಅಕಾರಾದಿ. ದೊಡ್ಡ ಪಕ್ಷದ ಅಭ್ಯರ್ಥಿ ಮೇಲಿನ ಗುಂಪಿನಲ್ಲಿದ್ದು, ಅದೇ ಹೆಸರಿನ ಪಕ್ಷೇತರ ಕೆಳಗಿದ್ದರೆ ಇಬ್ಬರ ನಡುವೆ ಅಂತರವಿರುತ್ತದೆ. ಗೆಲ್ಲುವ ಶಕ್ತಿಯಿರುವ ಅಭ್ಯರ್ಥಿಯೇ ಪಕ್ಷೇತರರಾದರೆ ಅದೇ ಹೆಸರಿನವರೆಲ್ಲ ಒತ್ತೊತ್ತಾಗಿ ಬಂದು ಕೂರುತ್ತಾರೆ. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಜೊತೆ ಇನ್ನೂ ಮೂವರು ಸುಮಲತಾ ಕಣದಲ್ಲಿದ್ದರು. ಅಂತರ 1,25,876 ಇದ್ದುದರಿಂದ ಫಲಿತಾಂಶ ಬದಲಾಗಲಿಲ್ಲ. ಪಕ್ಷೇತರರನ್ನು ಗೆಲ್ಲಿಸುವುದು ನಮ್ಮ ಸೀಮೆಗೆ ಹೊಸದಲ್ಲ: ಕೋಲಾರದಲ್ಲಿ 2008 ಮತ್ತು 2013ರಲ್ಲಿ ವರ್ತೂರು ಪ್ರಕಾಶ್, 2013ರಲ್ಲಿ ಬಾಗೇಪಲ್ಲಿಯಲ್ಲಿ ಎಸ್.ಎನ್. ಸುಬ್ಬಾರೆಡ್ಡಿ ಮತ್ತು ಮುಳಬಾಗಿಲಿನಲ್ಲಿ ಕೊತ್ತೂರು ಮಂಜುನಾಥ್, 2018ರಲ್ಲಿ ನಾಗೇಶ್, 2023ರಲ್ಲಿ ಗೌರಿಬಿದನೂರಿನಲ್ಲಿ ಕೆ.ಎಚ್. ಪುಟ್ಟಸ್ವಾಮಿಗೌಡ. ಪಕ್ಷೇತರರು ಗೆಲ್ಲುವ ನೆಲದಲ್ಲಿ, 248 ಮತಗಳಲ್ಲಿ ಫಲಿತಾಂಶ ತೀರ್ಮಾನವಾಗುವ ಕ್ಷೇತ್ರಗಳಲ್ಲಿ, ಅದೇ ಹೆಸರಿನ ಅಭ್ಯರ್ಥಿ ನೂರಾರು ಮತ ಸೆಳೆದರೂ ಸಾಕು.

ನಿಷೇಧವೋ, ಸ್ಪಷ್ಟ ಗುರುತೋ

ಇಂಥ ಸ್ಪರ್ಧೆ ತಡೆಯಬೇಕೆಂಬ ಅರ್ಜಿ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂತು. ಎದುರಾಳಿಗಳು ಹಣ ಕೊಟ್ಟು ನಿಲ್ಲಿಸುವ ಅಭ್ಯರ್ಥಿಗಳಿಂದ ಮತದಾರರಿಗೆ ವಂಚನೆಯಾಗುತ್ತದೆ, ಚುನಾವಣಾ ಆಯೋಗವೇ ಪರಿಶೀಲಿಸುವ ವ್ಯವಸ್ಥೆ ಬೇಕು ಎಂಬುದು ಅರ್ಜಿದಾರರ ವಾದ. ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರಿದ್ದ ಪೀಠ ಅದನ್ನು ಪುರಸ್ಕರಿಸಲಿಲ್ಲ. ತಂದೆತಾಯಿ ಇಟ್ಟ ಹೆಸರು ಇನ್ನೊಬ್ಬರ ಹೆಸರಿನಂತಿದೆ ಎಂಬ ಕಾರಣಕ್ಕೆ ಸ್ಪರ್ಧಿಸುವ ಹಕ್ಕು ಕಿತ್ತುಕೊಳ್ಳಲಾದೀತೇ ಎಂಬುದು ಪೀಠದ ಪ್ರಶ್ನೆಯಾಗಿತ್ತು.

ಕೋರ್ಟ್ ಹೇಳಿದ್ದು ಸರಿ. ಮುನಿಯಪ್ಪ ಎಂಬ ಹೆಸರಿನ ರೈತನಿಗೆ ಇನ್ನೊಬ್ಬ ಮುನಿಯಪ್ಪ ಹೆಸರುವಾಸಿ ಎಂಬ ಕಾರಣಕ್ಕೆ ಬಾಗಿಲು ಮುಚ್ಚುವುದು ಅನ್ಯಾಯ. ಅಭ್ಯರ್ಥಿಯ ಮನಸ್ಸಿನಲ್ಲಿರುವ ಉದ್ದೇಶವನ್ನು ಅಳೆಯುವ ಅಧಿಕಾರ ಚುನಾವಣಾಧಿಕಾರಿಗೆ ಕೊಟ್ಟರೆ ಅದು ಇನ್ನೂ ದೊಡ್ಡ ಅನಾಹುತಕ್ಕೆ ದಾರಿ. ಆದರೆ ಅರ್ಜಿದಾರರು ತೋರಿಸಿದ ತೊಂದರೆಯೂ ಸುಳ್ಳಲ್ಲ. ಅದಕ್ಕೆ ಉಪಾಯ ಈಗಾಗಲೇ ನಿಯಮದಲ್ಲೇ ಇದೆ. 1961ರ ಚುನಾವಣಾ ನಿರ್ವಹಣಾ ನಿಯಮಗಳ 22(3)ರ ಪ್ರಕಾರ, ಒಂದೇ ಹೆಸರಿನ ಇಬ್ಬರಿದ್ದರೆ ಉದ್ಯೋಗ, ವಾಸಸ್ಥಳ ಅಥವಾ ಬೇರೆ ರೀತಿಯಲ್ಲಿ ಗುರುತು ಸೇರಿಸಬೇಕು. ತೊಡಕು ಏನೆಂದರೆ, ಈ ನಿಯಮವನ್ನು ಅಕ್ಷರಶಃ ಓದಿದರೆ ಕೆ. ಮಂಜುನಾಥ್ ಮತ್ತು ಎಂ. ಮಂಜುನಾಥ್ 'ಒಂದೇ ಹೆಸರು' ಆಗುವುದಿಲ್ಲ. ಒಂದಕ್ಷರದ ವ್ಯತ್ಯಾಸ ಸಾಕೆಂದು ಅಧಿಕಾರಿ ಕೈತೊಳೆದುಕೊಳ್ಳಬಹುದು. ಮೇಲೆ ಹೇಳಿದ ಕೇರಳದ ಎರಡೂ ಉದಾಹರಣೆಗಳಲ್ಲಿ ಹೆಸರುಗಳು ಪೂರ್ತಿ ಒಂದೇ ಆಗಿರಲಿಲ್ಲ. ಇನಿಷಿಯಲ್ ಮಾತ್ರ ಬೇರೆ ಇದ್ದಾಗಲೂ ಊರು ಅಥವಾ ಉದ್ಯೋಗ ಸೇರಿಸುವುದು ಕಡ್ಡಾಯವಾಗಬೇಕು.

2015ರ ಮೇ 1ರ ನಂತರದ ಚುನಾವಣೆಗಳಲ್ಲಿ ಮತಯಂತ್ರದ ಮೇಲೆ ಅಭ್ಯರ್ಥಿಯ ಫೋಟೊ ಬಂದದ್ದು ಇದೇ ಗೊಂದಲ ತಪ್ಪಿಸಲು. ಅಳತೆ 2 ಸೆಂ.ಮೀ. ಅಗಲ, 2.5 ಸೆಂ.ಮೀ. ಎತ್ತರ. ಅಷ್ಟು ಚಿಕ್ಕ ಕಪ್ಪು–ಬಿಳುಪು ಚಿತ್ರದಲ್ಲಿ ವಯಸ್ಸಾದವರಿಗೆ ಮುಖ ಗುರುತಿಸುವುದು ಕಷ್ಟವಿತ್ತು. 2025ರ ಬಿಹಾರ ಚುನಾವಣೆಯಿಂದ ಫೋಟೊ ಬಣ್ಣಕ್ಕೆ ತಿರುಗಿದೆ, ಚೌಕಟ್ಟಿನ ಮುಕ್ಕಾಲು ಭಾಗ ಮುಖವೇ ಇರಬೇಕು, ಕ್ರಮಸಂಖ್ಯೆಯ ಅಕ್ಷರ ದಪ್ಪವಾಗಿದೆ. ಮತ ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಯಂತ್ರದ ಕಿಂಡಿಯಲ್ಲಿ ಏಳು ಸೆಕೆಂಡ್ ಕಾಣುವ ಚೀಟಿಯಲ್ಲಿ ಮಾತ್ರ ಫೋಟೊ ಇರುವುದಿಲ್ಲ. ಕ್ರಮಸಂಖ್ಯೆ, ಹೆಸರು, ಚಿಹ್ನೆ ಅಷ್ಟೇ. ಹೆಸರು ಇಬ್ಬರದೂ ಒಂದೇ ಆಗಿದ್ದರೆ ಅಲ್ಲಿ ನೋಡಬೇಕಾದದ್ದು ಚಿಹ್ನೆ.

ಸುದ್ದಿಮನೆಯೂ ಓದುಗರೂ ಮಾಡಬಹುದಾದದ್ದು

ತಲೆಬರಹದಲ್ಲಿ ಜಾಗ ಕಡಿಮೆ ಎಂಬ ಸಬೂಬು ನಿಲ್ಲುವುದಿಲ್ಲ. 'ಡಾ.' ಎಂಬುದನ್ನು ತೆಗೆದು 'ಎಂ.ಸಿ.' ಹಾಕಿದರೆ ಹೆಚ್ಚು ಕಡಿಮೆ ಅಷ್ಟೇ ಜಾಗ. 'ಚಿಂತಾಮಣಿ ಸುಧಾಕರ್', 'ಕೊತ್ತೂರು ಮಂಜುನಾಥ್' ಎಂದರೆ ಜನರ ಮಾತಿಗೂ ಹತ್ತಿರ. ಸುದ್ದಿಯ ಮೊದಲ ಸಾಲಿನಲ್ಲಿ ಪೂರ್ತಿ ಇನಿಷಿಯಲ್, ಕ್ಷೇತ್ರ, ಹುದ್ದೆ ಬರಲಿ. ಹಳೆಯ ಸುದ್ದಿ ಉಲ್ಲೇಖಿಸುವಾಗ 'ಆಗಿನ' ಎಂಬ ಪದದ ಜೊತೆ ಇಸವಿಯೂ ಇರಲಿ. ಬಹಳ ತಪ್ಪುಗಳು ಆಗುವುದು ಫೋಟೊ ಸಂಗ್ರಹದಲ್ಲಿ. ಕಡತಕ್ಕೆ ಬರೀ 'ಸುಧಾಕರ್' ಎಂದು ಹೆಸರಿಟ್ಟರೆ ಹುಡುಕಿದಾಗ ಮೊದಲು ಸಿಕ್ಕ ಮುಖವೇ ಪುಟಕ್ಕೆ ಹೋಗುತ್ತದೆ. ಕಡತದ ಹೆಸರಿನಲ್ಲಿ ವಿಧಾನಸಭಾ ಕ್ಷೇತ್ರದ ಸಂಖ್ಯೆ ಸೇರಿಸುವುದು ಸುಲಭದ ದಾರಿ: ಚಿಕ್ಕಬಳ್ಳಾಪುರ 141, ಚಿಂತಾಮಣಿ 143, ಮುಳಬಾಗಿಲು 145, ಕೋಲಾರ 148, ಮಾಲೂರು 149. ಬೆಂಗಳೂರಿನ ವಿಜಯನಗರ 167, ಬೆಂಗಳೂರು ದಕ್ಷಿಣ 176. ಸಂಖ್ಯೆಗೆ ಜೋಡಿ ಇಲ್ಲ.

ಓದುಗರು ಮೊದಲು ತಾರೀಖು ನೋಡಬೇಕು, ನಂತರ ಆ ತಾರೀಖಿನಲ್ಲಿ ಆ ಹುದ್ದೆಯಲ್ಲಿ ಯಾರಿದ್ದರು ಎಂಬುದನ್ನು. ಆರೋಪದ ಸುದ್ದಿಯಾದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಪ್ರತಿ ಅಭ್ಯರ್ಥಿಯ ನಮೂನೆ 26ರ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿದೆ. ಅದರಲ್ಲಿ ತಂದೆ ಅಥವಾ ಗಂಡನ ಹೆಸರು, ವಯಸ್ಸು, ವಿಳಾಸ, ಬಾಕಿ ಇರುವ ಪ್ರಕರಣಗಳ ಎಫ್‌ಐಆರ್ ಸಂಖ್ಯೆ, ಠಾಣೆ, ಕೋರ್ಟ್ ಎಲ್ಲ ಇರುತ್ತವೆ. ಇಬ್ಬರ ಹೆಸರು, ಇನಿಷಿಯಲ್ ಎರಡೂ ಒಂದೇ ಆದರೂ ತಂದೆಯ ಹೆಸರು, ವಯಸ್ಸು, ವಿಳಾಸ ಮೂರೂ ಒಂದೇ ಆಗುವುದು ಅಪರೂಪ.

ಪಂಚಾಯಿತಿಯಲ್ಲಿ ಬಿಕ್ಕಟ್ಟು ಇನ್ನೂ ಬಿಗಿ

ಶಾಸಕರು, ಸಂಸದರ ವಿಷಯದಲ್ಲಿ ಪಕ್ಷದ ಚಿಹ್ನೆಯಾದರೂ ಕೈಹಿಡಿಯುತ್ತದೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. 2020ರಲ್ಲಿ ಬೀದರ್ ಬಿಟ್ಟು ಉಳಿದೆಡೆ ಮತಪತ್ರವನ್ನೇ ಬಳಸಲಾಯಿತು. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ, ಗೆಲುವಿನ ಅಂತರ ಹಲವು ಕಡೆ ಒಂದಂಕಿ, ಎರಡಂಕಿ. ಅಭ್ಯರ್ಥಿಗಳೆಲ್ಲ ಒಂದೇ ಊರಿನವರಾದ್ದರಿಂದ ಊರಿನ ಇನಿಷಿಯಲ್ ಬಹುಮಟ್ಟಿಗೆ ಒಂದೇ. ಅಣ್ಣತಮ್ಮಂದಿರ ಮಕ್ಕಳಿಗೆ ತಾತನ ಹೆಸರೇ ಇರುವಲ್ಲಿ ತಂದೆಯ ಅಕ್ಷರವೂ ಹೊಂದಿಕೊಂಡರೆ ಕಾಗದದ ಮೇಲೆ ಇಬ್ಬರಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಊರಿನವರಿಗೆ ಅವರು 'ಮೇಲ್ಮನೆ ನಾರಾಯಣಪ್ಪ', 'ಅಂಗಡಿ ನಾರಾಯಣಪ್ಪ'. ಮತಪತ್ರಕ್ಕೆ ಮಾತ್ರ ಇಬ್ಬರೂ ಎನ್. ನಾರಾಯಣಪ್ಪ.

ಆದ್ದರಿಂದ ಸ್ಪರ್ಧಿಸುವವರು ಊರು ತಮ್ಮನ್ನು ಕರೆಯುವ ಹೆಸರನ್ನೂ ನಾಮಪತ್ರದಲ್ಲೇ ಬರೆದು, ಅದೇ ಹೆಸರಿನವರು ಇನ್ನೊಬ್ಬರಿದ್ದರೆ ಗುರುತು ಸೇರಿಸುವಂತೆ ಚುನಾವಣಾಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಇದನ್ನು ನಾಮಪತ್ರ ವಾಪಸಿಗೆ ಕೊಟ್ಟ ಕೊನೆಯ ಗಡುವಿನೊಳಗೆ, ಕಣದಲ್ಲಿ ಉಳಿದವರ ಪಟ್ಟಿ ಸಿದ್ಧವಾಗುವ ಮೊದಲೇ ಮಾಡಬೇಕು. ಪಟ್ಟಿ ಅಚ್ಚಿಗೆ ಹೋದ ಮೇಲೆ ಹೆಸರಿನ ಮುಂದೆ ಏನನ್ನೂ ಸೇರಿಸಲು ಆಗುವುದಿಲ್ಲ.